ಹಳೆಯ ಮೋಟಾರು ಹಟ ಹಿಡಿದಾಗ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಗಾಡಿ ಚಾಲೂ ಆಗದಿದ್ದರೆ ಮೊದಲು ಕೆಡುವುದು ಮನಸ್ಸು, ಅನಂತರ ಕೆಡುವುದು ಕಿಸೆ. ಪುಣೆಯಲ್ಲಿ ಉದ್ಯೋಗಕ್ಕೆಂದು ನೆಲೆಸಿರುವ ನಮ್ಮವರಲ್ಲಿ ಹಳೆಯ ಕಾರನ್ನು ಕೊಂಡು ಸಂಸಾರಕ್ಕೆ ಆಧಾರ ಮಾಡಿಕೊಂಡವರಿದ್ದಾರೆ. ಮಾಲೀಕರ ಹಳೆಯ ಗಾಡಿಯನ್ನು ಓಡಿಸಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಇವರಿಗೆ ಗಾಡಿ ನಿಂತಿತೆಂದರೆ ಒಂದು ದಿನದ ಸಂಬಳ ಹೋಯಿತು. ಗ್ಯಾರೇಜಿಗೆ ಒಯ್ದರೆ ಮೊದಲು ಪ್ಲಗ್ಗು ಬದಲು, ಆಮೇಲೆ ಕಾಯಿಲ್ ಬದಲು, ಅದಾದ ಮೇಲೆ ಕಾರ್ಬ್ಯುರೇಟರೇ ಬದಲು. ಹಣ ಹೋಯಿತು, ರೋಗ ಮಾತ್ರ ಇದ್ದಲ್ಲಿಯೇ ಇದೆ. ಇದರಲ್ಲಿ ಯಾವಾಗಲೂ ಮೋಸವಿರುತ್ತದೆಂದು ಹೇಳಲಾಗದು. ನಾಡಿ ನೋಡದೆ ಔಷಧ ಕೊಟ್ಟರೆ ವೈದ್ಯನ ಕೈಯಲ್ಲಿಯೂ ಹೀಗೆಯೇ ಆಗುತ್ತದೆ. ಆದ್ದರಿಂದ ಗಾಡಿಯ ನಾಡಿ ನೋಡುವುದು ಹೇಗೆಂಬುದನ್ನು ಕ್ರಮವಾಗಿ ತಿಳಿದುಕೊಳ್ಳೋಣ. ಇದಕ್ಕೆ ದೊಡ್ಡ ಯಂತ್ರವಿದ್ಯೆ ಬೇಡ. ತಾಳ್ಮೆ, ಒಂದು ಪ್ಲಗ್ ಪಾನಾ, ಒಂದು ಸ್ಕ್ರೂಡ್ರೈವರು, ಒಂದು ಅಗ್ಗದ ವೋಲ್ಟ್ ಮೀಟರು ಇದ್ದರೆ ಸಾಕು.

ಯಾವ ಗಾಡಿಗಳ ಮಾತು

ಇಲ್ಲಿ ಹೇಳುವುದು ಮುಖ್ಯವಾಗಿ ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಗಾಡಿಗಳ ವಿಷಯ. ಅವುಗಳ ಚರಿತ್ರೆಯಲ್ಲಿ ನಮ್ಮ ಕಡೆಯವರ ಪಾಲೂ ಇದೆ. ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು ೧೯೩೦ರ ದಶಕದಲ್ಲಿಯೇ ಯೋಜನೆ ಹಾಕಿದ್ದರು. ಕನ್ನಡದ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದ ಅದರ ಕಾರಖಾನೆಯಲ್ಲಿ ಮೊದಲು ಫಿಯೆಟ್ ಎಂಬ ಹೆಸರಿನಿಂದಲೂ, ೧೯೭೦ರ ದಶಕದಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಿಂದಲೂ ಕಾರುಗಳು ತಯಾರಾದವು. ೧೦೮೯ ಸಿಸಿಯ ನಾಲ್ಕು ಸಿಲಿಂಡರಿನ ಈ ಗಾಡಿ ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿಯಿತು. ಕಡೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು ೨೦೦೩ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ ೨೦೨೩ರ ಅಕ್ಟೋಬರಿಗೆ ಅದರ ಕಾಲ ಮುಗಿಯಿತು. ಕಲಕತ್ತೆಯ ಬಳಿಯ ಉತ್ತರಪಾರಾದ ಅಂಬಾಸಡರು ೧೯೫೮ರಿಂದ ೨೦೧೪ರ ವರೆಗೆ ತಯಾರಾಯಿತು. ೭೯೬ ಸಿಸಿಯ ಮೂರು ಸಿಲಿಂಡರಿನ ಮಾರುತಿ ೮೦೦ ಕಾರು ೧೯೮೩ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು ೨೦೧೪ರ ಜನವರಿಯಲ್ಲಿ ನಿಂತಿತು. ಅದರ ಮೊದಲಿನ ಗಾಡಿಗಳಲ್ಲಿ ಕಾರ್ಬ್ಯುರೇಟರೇ ಇತ್ತು. ಇವುಗಳ ತಯಾರಿಕೆ ನಿಂತರೂ ಓಡುತ್ತಿರುವ ಗಾಡಿಗಳು ಉಳಿದಿವೆ. ಮೂರರ ಆಕಾರ ಬೇರೆ ಬೇರೆ, ರೋಗ ಮಾತ್ರ ಒಂದೇ ಬಗೆ.

ಒಲೆಯ ನ್ಯಾಯ

ಒಲೆ ಹೊತ್ತಬೇಕಾದರೆ ಕಟ್ಟಿಗೆ ಬೇಕು, ಗಾಳಿ ಬೇಕು, ಕಡ್ಡಿ ಗೀರಬೇಕು. ಎಂಜಿನ್ನಿಗೂ ಇಷ್ಟೇ. ಪೆಟ್ರೋಲು ಕಟ್ಟಿಗೆ, ಅದರೊಡನೆ ಗಾಳಿ ಬೆರೆಯಬೇಕು, ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ. ಪ್ಲಗ್ಗಿನ ಕಿಡಿಯೇ ಕಡ್ಡಿ. ಒಲೆಗೆ ಬೇಡವಾದ ಇನ್ನೆರಡು ಸಂಗತಿಗಳು ಮಾತ್ರ ಎಂಜಿನ್ನಿಗೆ ಬೇಕು: ಮಿಶ್ರಣವನ್ನು ಪಿಸ್ಟನ್ನು ಗಟ್ಟಿಯಾಗಿ ಅದುಮಬೇಕು, ಮತ್ತು ಕಿಡಿಯು ಸರಿಯಾದ ಕ್ಷಣದಲ್ಲಿಯೇ ಹಾರಬೇಕು. ಗಾಡಿ ಚಾಲೂ ಆಗಲಿಲ್ಲವೆಂದರೆ ಈ ಐದರಲ್ಲಿ ಒಂದು ತಪ್ಪಿದೆಯೆಂದೇ ಅರ್ಥ. ಪರೀಕ್ಷೆಯ ಗುಟ್ಟು ಇಷ್ಟು: ಯಾವುದು ಸರಿಯಿದೆಯೆಂದು ಒಂದೊಂದಾಗಿ ಖಚಿತಪಡಿಸಿಕೊಂಡು ಬದಿಗಿಡುತ್ತ ಹೋಗಬೇಕು. ಕಡೆಗೆ ಉಳಿದದ್ದೇ ಕಳ್ಳ.

ಮೊದಲ ಪ್ರಶ್ನೆ: ಎಂಜಿನ್ನು ತಿರುಗುತ್ತದೆಯೇ?

ಕೀಲಿ ತಿರುಗಿಸಿದಾಗ ಎಂಜಿನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿರುವುದು ಒಂದು ರೋಗ. ತಿರುಗದೆಯೇ ಇರುವುದು ಬೇರೆ ರೋಗ. ಇವೆರಡನ್ನು ಬೆರೆಸಬಾರದು. ತಿರುಗದಿದ್ದರೆ ಪೆಟ್ರೋಲಿನ ಕಡೆ ನೋಡುವುದೇ ಬೇಡ, ಬ್ಯಾಟರಿಯ ಕಡೆ ನೋಡಿ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ಬಲವಿಲ್ಲ, ಇಲ್ಲವೆ ತಂತಿಯ ಜೋಡಣೆ ಸಡಿಲವಾಗಿದೆ. ದೀಪ ಉಜ್ವಲವಾಗಿಯೇ ಇದ್ದು ‘ಟಕ್’ ಎಂಬ ಒಂದೇ ಸದ್ದು ಬಂದರೆ ಸ್ಟಾರ್ಟರಿನ ಕಡೆ ಸಂಶಯ ಪಡಬೇಕು.

ವೋಲ್ಟ್ ಮೀಟರು ಇದ್ದರೆ ಇನ್ನೂ ಸುಲಭ. ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿ ೧೨.೬ ವೋಲ್ಟ್ ತೋರಿಸಬೇಕು. ಸ್ಟಾರ್ಟರು ಎಳೆಯುವಾಗ ಅದು ಸುಮಾರು ೯.೫ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ನು ಓಡುವಾಗ ೧೩.೮ರಿಂದ ೧೪.೪ರ ವರೆಗೆ ಏರಬೇಕು; ಏರದಿದ್ದರೆ ಚಾರ್ಜ್ ಮಾಡುವ ಡೈನಮೊ ಅಥವಾ ಆಲ್ಟರ್ನೇಟರು ಕೆಲಸ ಮಾಡುತ್ತಿಲ್ಲ. ಹಾಗಿದ್ದಾಗ ಮೂರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದರೂ ಅದು ನಾಲ್ಕು ದಿನದಲ್ಲಿ ಮಲಗುತ್ತದೆ.

ಹೊಸ ಬ್ಯಾಟರಿ ಕೊಳ್ಳುವ ಮೊದಲು ಇನ್ನೊಂದು ಕೆಲಸ ಮಾಡಿ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಕಲಸಿ ತೊಳೆದು, ಒರೆಸಿ, ಬಿಗಿಯಾಗಿ ಕೂಡಿಸಿ. ಬಿಚ್ಚುವಾಗ ಮೊದಲು ಅರ್ತಿಂಗ್ ತಂತಿ, ಕೂಡಿಸುವಾಗ ಅದು ಕಡೆಗೆ. ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ತಿಂಗ್ ಪಟ್ಟಿಯನ್ನೂ ನೋಡಿ. ತುಕ್ಕು ಹಿಡಿದ ಆ ಒಂದು ಪಟ್ಟಿ ಎಷ್ಟೋ ಒಳ್ಳೆಯ ಬ್ಯಾಟರಿಗಳಿಗೆ ಕೆಟ್ಟ ಹೆಸರು ತಂದಿದೆ.

ಎರಡನೆಯ ಪ್ರಶ್ನೆ: ಕಿಡಿ ಇದೆಯೇ?

ಎಂಜಿನ್ನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮೊದಲು ಕಿಡಿಯನ್ನು ನೋಡುವುದು ಲೇಸು. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಲೋಹಕ್ಕೆ ತಾಗುವಂತೆ ಇಡಿ. ಪ್ಲಗ್ಗು ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಅದರಿಂದ ದೂರದಲ್ಲಿಯೇ ಇಡಬೇಕು. ತಂತಿಯನ್ನು ಬರಿಗೈಯಲ್ಲಿ ಹಿಡಿಯಲೂಬಾರದು. ಇನ್ನೊಬ್ಬರು ಕೀಲಿ ತಿರುಗಿಸಲಿ. ದಪ್ಪನೆಯ ನೀಲಿ ಕಿಡಿ ಚಟಚಟನೆ ಹಾರಿದರೆ ವಿದ್ಯುತ್ತಿನ ಕಡೆ ಸಾಮಾನ್ಯವಾಗಿ ಸರಿಯಿದೆ. ಸಣ್ಣ ಹಳದಿ ಕಿಡಿಯಾದರೆ ದುರ್ಬಲ. ಏನೂ ಇಲ್ಲದಿದ್ದರೆ ಕಿಡಿಯ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋಗಬೇಕು.

ಆ ದಾರಿ ಹೀಗಿದೆ. ಬ್ಯಾಟರಿಯ ೧೨ ವೋಲ್ಟ್ ಕಾಯಿಲಿಗೆ ಬರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಕೂಡಿ, ಬಿಟ್ಟುಕೊಂಡ ಕ್ಷಣದಲ್ಲಿ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ರೋಟರು ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಈ ಏರ್ಪಾಡನ್ನು ಬಳಕೆಗೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್; ೧೯೧೨ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಕೂಡಿಸಿ ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿಸಿದವರೂ ಅವರೇ.

ಈ ದಾರಿಯಲ್ಲಿ ಮೊದಲು ಕೆಡುವುದು ಪಾಯಿಂಟು. ಅದರ ಮುಖ ಸುಟ್ಟು ಕರ್ರಗಾಗಿದ್ದರೆ ನಯವಾದ ಪಾಲಿಶ್ ಕಾಗದದಿಂದ ತಿಕ್ಕಿ ಒರೆಸಬೇಕು. ಪೂರ್ತಿ ಬಿಟ್ಟುಕೊಂಡಾಗ ನಡುವಿನ ಸಂದು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಿರಬೇಕು. ಸಾಮಾನ್ಯವಾಗಿ ಇದು ೦.೪ರಿಂದ ೦.೫ ಮಿಲಿಮೀಟರಿನ ಆಸುಪಾಸು. ಫೀಲರ್ ಗೇಜ್ ಇಲ್ಲದ ಹೊತ್ತಿನಲ್ಲಿ ದಪ್ಪ ವಿಸಿಟಿಂಗ್ ಕಾರ್ಡು ಮನೆ ಮುಟ್ಟುವಷ್ಟಕ್ಕೆ ಆಗುತ್ತದೆ. ಪಾಯಿಂಟಿನ ಮುಖ ಪದೇ ಪದೇ ಸುಡುತ್ತಿದ್ದರೆ ತಪ್ಪು ಕಂಡೆನ್ಸರಿನದು. ಎಂಜಿನ್ನು ತಣ್ಣಗಿರುವಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಚಾಲೂ ಆದರೆ ಕಾಯಿಲ್ ಅಥವಾ ಕಂಡೆನ್ಸರಿನ ಮೇಲೆ ಕಣ್ಣಿಡಿ. ಹೊಸ ಭಾಗವೆಂದ ಮಾತ್ರಕ್ಕೆ ಒಳ್ಳೆಯ ಭಾಗವೆಂದು ನಂಬಬಾರದು. ನಾನಾ ಪೇಠದ ಅಂಗಡಿಗಳಲ್ಲಿ ಕೊಂಡು ತಂದು ಹಾಕಿದ ಮೇಲೂ ರೋಗ ಹೋಗದಿದ್ದರೆ, ತೆಗೆದಿಟ್ಟ ಹಳೆಯದನ್ನೇ ಮತ್ತೆ ಹಾಕಿ ನೋಡಿ. ಅದಕ್ಕಾಗಿಯೇ ಬಿಚ್ಚಿದ ಭಾಗವನ್ನು ಎಸೆಯಕೂಡದು.

ಪ್ಲಗ್ಗು ಹೇಳುವ ಸಾಕ್ಷಿ

ಬಿಚ್ಚಿದ ಪ್ಲಗ್ಗಿನ ಬಾಯಿ ಒಳಗಿನ ಸಮಾಚಾರವನ್ನೆಲ್ಲ ಹೇಳುತ್ತದೆ. ಬೆಂಗಳೂರಿನಲ್ಲಿ ೧೯೫೧ರಲ್ಲಿ ಆರಂಭವಾದ ಮೈಕೋ ಕಾರಖಾನೆಯ ಪ್ಲಗ್ಗುಗಳನ್ನು ನಮ್ಮ ಹಿರಿಯ ಚಾಲಕರು ಬಲ್ಲರು. ಯಾವ ಪ್ಲಗ್ಗಾದರೂ ಓದುವ ರೀತಿ ಒಂದೇ. ತೆಳು ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವಿನ ಕಡೆಯಿಂದ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಹತ್ತು ಸಲ ಕೀಲಿ ತಿರುಗಿಸಿದ ಮೇಲೂ ಪ್ಲಗ್ಗು ಒಣಗಿಯೇ ಇದ್ದರೆ ಪೆಟ್ರೋಲು ಬರುತ್ತಿಲ್ಲ. ಪೆಟ್ರೋಲಿನಲ್ಲಿ ತೊಯ್ದು ಹೋಗಿದ್ದರೆ ಪೆಟ್ರೋಲು ಅತಿಯಾಗಿದೆ, ಇಲ್ಲವೆ ಕಿಡಿ ಇಲ್ಲ. ತೊಯ್ದ ಎಂಜಿನ್ನಿಗೆ ಉಪಾಯವಿದೆ: ಚೋಕ್ ಒಳಗೆ ತಳ್ಳಿ, ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀಲಿ ತಿರುಗಿಸಬೇಕು. ಎತ್ತಿ ಎತ್ತಿ ಒತ್ತಿದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲು ಒಳಗೆ ಬೀಳುತ್ತದೆ.

ಮೂರನೆಯ ಪ್ರಶ್ನೆ: ಪೆಟ್ರೋಲು ಬರುತ್ತಿದೆಯೇ?

ಟಾಕಿಯಲ್ಲಿ ಪೆಟ್ರೋಲಿದೆಯೇ ಎಂದು ಕೇಳಿದರೆ ನಗಬೇಡಿ. ಹಳೆಯ ಗಾಡಿಯ ಮುಳ್ಳು ಸುಳ್ಳು ಹೇಳುತ್ತದೆ. ಟಾಕಿಯಿಂದ ಪಂಪು, ಪಂಪಿನಿಂದ ಫಿಲ್ಟರು, ಫಿಲ್ಟರಿನಿಂದ ಕಾರ್ಬ್ಯುರೇಟರಿನ ಬಟ್ಟಲು, ಬಟ್ಟಲಿನಿಂದ ಸಣ್ಣ ಜೆಟ್ಟುಗಳು: ಇದು ಪೆಟ್ರೋಲಿನ ದಾರಿ. ಎಂಜಿನ್ನು ಪೂರ್ತಿ ಆರಿದ ಮೇಲೆ, ಕಾಯಿಲಿನ ತಂತಿ ಬಿಚ್ಚಿ ಕಿಡಿ ಹಾರದಂತೆ ಮಾಡಿ, ಕಾರ್ಬ್ಯುರೇಟರಿಗೆ ಬರುವ ಕೊಳವೆಯ ತುದಿಯನ್ನು ಡಬ್ಬಿಯೊಂದರಲ್ಲಿ ಇಟ್ಟು ಎಂಜಿನ್ನನ್ನು ತಿರುಗಿಸಿ. ಪಂಪು ಸರಿಯಿದ್ದರೆ ಪೆಟ್ರೋಲು ಚಿಮ್ಮಿ ಚಿಮ್ಮಿ ಬರುತ್ತದೆ. ಬರದಿದ್ದರೆ ಫಿಲ್ಟರು, ಕೊಳವೆ, ಪಂಪಿನ ಪೊರೆ, ಟಾಕಿಯ ಮುಚ್ಚಳದ ಗಾಳಿತೂತು ಇವನ್ನು ನೋಡಿ. ಗಾಳಿತೂತು ಮುಚ್ಚಿದ್ದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದೊಡನೆ ‘ಸುಯ್’ ಎಂದು ಗಾಳಿ ಒಳಗೆ ಹೋಗಿ ಮತ್ತೆ ಓಡುತ್ತದೆ. ಪೆಟ್ರೋಲು ಚೆನ್ನಾಗಿ ಬರುತ್ತಿದ್ದರೂ ಪ್ಲಗ್ಗು ಒಣಗಿದ್ದರೆ ಜೆಟ್ಟಿನಲ್ಲಿ ಕಸವಿದೆ. ಪುಣೆಯ ಮೇಸ್ತ್ರಿ ‘ಕಚರಾ ಆಲಾ’ ಎನ್ನುವುದು ಇದಕ್ಕೇ. ಅದನ್ನು ಗಾಳಿಯ ಒತ್ತಡದಿಂದ ಊದಿ ತೆಗೆಯಬೇಕು. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ.

ಈಗಿನ ಪೆಟ್ರೋಲಿನ ವಿಷಯವನ್ನೂ ತಿಳಿದಿರಬೇಕು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಗಿ, ಅನಂತರ ದೇಶದ ತುಂಬ ಹಬ್ಬಿತು. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಉಬ್ಬಿಸಿ ಬಿರಿಯುವಂತೆ ಮಾಡಬಲ್ಲದು. ಟಾಕಿಯಲ್ಲಿ ವರ್ಷಗಟ್ಟಲೆ ಕುಳಿತ ಕೊಳೆಯನ್ನು ಕಳಚಿ ಫಿಲ್ಟರಿಗೆ ತರಬಲ್ಲದು. ಅದು ನೀರನ್ನೂ ಹೀರುತ್ತದೆ. ನೀರು ಹೆಚ್ಚಾದರೆ ನೀರೂ ಎಥನಾಲೂ ಕೂಡಿ ಟಾಕಿಯ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿ ಮಳೆಗಾಲದ ಮೇಲೆ ಚಾಲೂ ಆಗದಿರಲು ಇದೊಂದು ಕಾರಣ. ಆದ್ದರಿಂದ ಎಥನಾಲಿಗೆ ತಾಳುವ ಹೊಸ ಕೊಳವೆಗಳನ್ನು ಹಾಕಿಸುವುದು ಖರ್ಚಲ್ಲ, ವಿಮೆ. ಬಿರಿದ ಕೊಳವೆಯಿಂದ ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಗಾಡಿ ನಿಲ್ಲುವುದಲ್ಲ, ಉರಿದೇ ಹೋಗುತ್ತದೆ.

ಚಾಲೂ ಆಗುತ್ತದೆ, ಸ್ಲೋ ನಿಲ್ಲುವುದಿಲ್ಲ

ಇನ್ನೊಂದು ಬಗೆಯ ಪೀಡೆಯಿದೆ. ಎಕ್ಸಲರೇಟರು ಒತ್ತಿರುವಷ್ಟು ಹೊತ್ತು ಓಡುತ್ತದೆ. ಕಾಲು ತೆಗೆದೊಡನೆ ಸಿಗ್ನಲ್ಲಿನಲ್ಲಿ ನಿಂತೇ ಹೋಗುತ್ತದೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತವೆ. ಸ್ಲೋ ಓಟಕ್ಕೆ ಕಾರ್ಬ್ಯುರೇಟರಿನಲ್ಲಿ ಬೇರೆಯೇ ಸಣ್ಣ ಜೆಟ್ಟಿದೆ. ವೇಗವಾಗಿ ಓಡುವಾಗ ದೊಡ್ಡ ಜೆಟ್ಟಿನಿಂದ ಪೆಟ್ರೋಲು ಬರುವುದರಿಂದ ಗಾಡಿ ಚೆನ್ನಾಗಿಯೇ ಇರುತ್ತದೆ. ಸಣ್ಣದು ಕಟ್ಟಿದ್ದರೆ ಸ್ಲೋ ಮಾತ್ರ ನಿಲ್ಲುವುದಿಲ್ಲ. ಹಲವು ಕಾರ್ಬ್ಯುರೇಟರುಗಳಲ್ಲಿ ಈ ಜೆಟ್ಟಿಗೆ ವಿದ್ಯುತ್ತಿನ ಸೊಲೆನಾಯ್ಡ್ ಬಾಗಿಲಿದೆ. ಕೀಲಿ ಹಾಕಿದಾಗ ಅದು ‘ಟಿಕ್’ ಎನ್ನಬೇಕು. ಎನ್ನದಿದ್ದರೆ ಅದರ ತಂತಿಯನ್ನು ನೋಡಿ.

ಚೋಕ್ ಎಳೆದಾಗ ಮಾತ್ರ ಎಂಜಿನ್ನು ನಿಲ್ಲದೆ ಓಡಿದರೆ ಅದೊಂದು ಸ್ಪಷ್ಟವಾದ ಗುರುತು: ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ. ಸ್ಲೋ ಜೆಟ್ಟು ಕಟ್ಟಿರಬೇಕು, ಅಥವಾ ಎಲ್ಲಿಯೋ ಕಳ್ಳ ಗಾಳಿ ಒಳಗೆ ನುಗ್ಗುತ್ತಿರಬೇಕು. ಕಾರ್ಬ್ಯುರೇಟರಿನ ಕೆಳಗಿನ ಗ್ಯಾಸ್ಕೆಟು, ಬ್ರೇಕ್ ಬೂಸ್ಟರಿಗೆ ಹೋಗುವ ಕೊಳವೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಕೊಳವೆ ಇವು ಅದರ ಬಾಗಿಲುಗಳು. ಎಂಜಿನ್ನು ಓಡುತ್ತಿರುವಾಗ ಸಂದುಗಳ ಮೇಲೆ ಸಾಬೂನಿನ ನೀರನ್ನು ಹನಿಸಿ. ಎಲ್ಲಿ ಹನಿಸಿದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆಯೋ ಅಲ್ಲಿಯೇ ಸೋರಿಕೆ. ಇದಕ್ಕೆ ಪೆಟ್ರೋಲನ್ನು ಎಂದೂ ಬಳಸಬಾರದು.

ಎಂಜಿನ್ನು ಕುಂಟುತ್ತ, ಗಾಡಿಯೆಲ್ಲ ನಡುಗುತ್ತಿದ್ದರೆ ಒಂದು ಸಿಲಿಂಡರು ದುಡಿಯುತ್ತಿಲ್ಲ. ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಎಳೆದು, ಕೂಡಲೆ ಮತ್ತೆ ಹಾಕಿ. ತಂತಿ ತೆಗೆದಾಗ ಸದ್ದು ಇಳಿದರೆ ಆ ಸಿಲಿಂಡರು ದುಡಿಯುತ್ತಿದೆ. ತೆಗೆದರೂ ಏನೂ ವ್ಯತ್ಯಾಸವಾಗದಿದ್ದರೆ ಅದೇ ಸೋಮಾರಿ. ಅದರ ಪ್ಲಗ್ಗನ್ನು ಪಕ್ಕದ್ದರೊಡನೆ ಅದಲು ಬದಲು ಮಾಡಿ. ಸೋಮಾರಿತನ ಪ್ಲಗ್ಗಿನೊಡನೆ ಹೋದರೆ ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿದರೆ ತಂತಿ, ವಾಲ್ವ್ ಅಥವಾ ಒತ್ತಡದ ದೋಷ. ಇದು ಹೊಸ ಮಾದರಿಯ ಇಂಜೆಕ್ಷನ್ ಗಾಡಿಗಳಲ್ಲಿ ಮಾಡುವ ಪರೀಕ್ಷೆಯಲ್ಲ; ಅಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟಾವು. ಅವುಗಳಲ್ಲಿ ಕೀಲಿ ಹಾಕಿದಾಗ ಟಾಕಿಯ ಪಂಪು ಎರಡು ಸೆಕೆಂಡು ಗುಂಯ್ ಎನ್ನುವುದೇ ಎಂದು ಕೇಳಿ, ಎಂಜಿನ್ ದೀಪ ಉಳಿದಿದ್ದರೆ ಸ್ಕ್ಯಾನರು ಇರುವವರಲ್ಲಿಗೆ ಹೋಗುವುದು ಉತ್ತಮ.

ಸ್ಲೋ ಸರಿಯಿಲ್ಲದ ಗಾಡಿಗೆ ಇನ್ನೊಂದು ತೊಂದರೆ ಕಾದಿದೆ. ಪಿಯುಸಿ ಪರೀಕ್ಷೆಯಲ್ಲಿ ಹೊಗೆ ಅಳೆಯುವುದು ಸ್ಲೋ ಓಟದಲ್ಲಿಯೇ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಿಸುವಾಗಲೂ ಗಾಡಿಯ ಯೋಗ್ಯತೆ ನೋಡುತ್ತಾರೆ. ಇದರ ಶುಲ್ಕವನ್ನು ೨೦೨೨ರ ಏಪ್ರಿಲಿನಲ್ಲಿ ೫,೦೦೦ ರೂಪಾಯಿಗೆ ಏರಿಸಲಾಯಿತು. ಮೊದಲು ಟ್ಯೂನಿಂಗ್, ಆಮೇಲೆ ಪರೀಕ್ಷೆ ಎಂಬ ಕ್ರಮ ಇಟ್ಟುಕೊಂಡರೆ ಹಣವೂ ಉಳಿಯುತ್ತದೆ, ಓಡಾಟವೂ ತಪ್ಪುತ್ತದೆ.

ಒತ್ತಡ: ಕಡೆಯ ಪ್ರಶ್ನೆ

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಆಗದು. ಆಗ ಕಿಡಿ ಹಾರುವ ಸಮಯವನ್ನು ಮೇಸ್ತ್ರಿಯಿಂದ ನೋಡಿಸಿ, ಕಂಪ್ರೆಷನ್ ಗೇಜಿನಿಂದ ಪ್ರತಿ ಸಿಲಿಂಡರಿನ ಒತ್ತಡ ಅಳೆಯಿಸಿ. ಅಂಕಿ ದೊಡ್ಡದಾಗಿರುವುದಕ್ಕಿಂತ ಎಲ್ಲ ಸಿಲಿಂಡರುಗಳೂ ಹೆಚ್ಚು ಕಡಿಮೆ ಸಮನಾಗಿರುವುದು ಮುಖ್ಯ. ಒಂದು ಬಹಳ ಕಡಿಮೆಯಿದ್ದರೆ ಅದರ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ವಾಲ್ವಿನ ಸಂದು ಸರಿಪಡಿಸುವುದು ಅರ್ಧ ದಿನದ ಕೆಲಸ, ರಿಂಗು ಬದಲಾಯಿಸುವುದು ಸಾವಿರಾರು ರೂಪಾಯಿಯ ಕೆಲಸ. ಈ ಒಂದು ಚಮಚ ಎಣ್ಣೆ ಎರಡರ ಅಂತರವನ್ನು ಹೇಳುತ್ತದೆ. ಹಳೆಯ ಗಾಡಿ ಕೊಳ್ಳುವವರು ಹಣ ಎಣಿಸುವ ಮೊದಲೇ ಈ ಪರೀಕ್ಷೆ ಕೇಳಬೇಕು.

ಋತುವಿಗೆ ತಕ್ಕ ರೋಗ

ಪುಣೆಯ ಜೂನ್, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂಡುತ್ತದೆ. ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳು ಕೂಡಲೆ ಚಾಲೂ ಆಗುತ್ತವೆ. ಮುಚ್ಚಳದಲ್ಲಿ ಪೆನ್ಸಿಲ್ ಗೆರೆಯಂತಹ ಕಪ್ಪು ಬಿರುಕು ಕಂಡರೆ ಬದಲಾಯಿಸಲೇಬೇಕು. ಕತ್ತಲೆಯಲ್ಲಿ ಬಾನೆಟ್ ತೆರೆದು ಓಡಿಸಿ ನೋಡಿದರೆ ಹಳೆಯ ತಂತಿಗಳಿಂದ ಸೋರುವ ಕಿಡಿಗಳು ಮಿಣುಕುತ್ತ ಕಾಣುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಕಾತ್ರಜ ಅಥವಾ ಖಂಬಾಟಕಿ ಘಾಟು ಏರುವ ಹೊತ್ತಿಗೆ, ಇಲ್ಲವೆ ಸೊಲ್ಲಾಪುರದ ದಾರಿಯ ಬಿಸಿಲಿನಲ್ಲಿ ಗಾಡಿ ನಿಂತರೆ, ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿರಬಹುದು. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನಲ್ಲ. ಬಾನೆಟ್ ತೆರೆದು ಕಾಲು ಗಂಟೆ ನೆರಳಿನಲ್ಲಿ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸಾಕು. ಡಿಸೆಂಬರಿನ ಚಳಿಯಲ್ಲಿ ಚೋಕ್ ಪೂರ್ತಿ ಎಳೆಯಬೇಕು. ಎಂಜಿನ್ನು ಕಾಯುತ್ತ ಬಂದಂತೆ ನಿಧಾನವಾಗಿ ಒಳಗೆ ತಳ್ಳಬೇಕು.

ಮರೆಯಬಾರದ ಮಾತುಗಳು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮೂರನ್ನು ಒಟ್ಟಿಗೆ ಮುಟ್ಟಿದರೆ ಗಾಡಿ ಚಾಲೂ ಆದರೂ ಯಾವುದರಿಂದ ಆಯಿತೆಂದು ತಿಳಿಯದು. ಯಾವ ದಿನ, ಎಷ್ಟು ಕಿಲೋಮೀಟರಿಗೆ ಏನು ಮಾಡಿಸಿದಿರಿ ಎಂಬುದನ್ನು ಒಂದು ಚಿಕ್ಕ ವಹಿಯಲ್ಲಿ ಬರೆದಿಡಿ. ಮೇಸ್ತ್ರಿಯ ಬಳಿಗೆ ಹೋದಾಗ ‘ಗಾಡಿ ಕೆಟ್ಟಿದೆ’ ಎನ್ನದೆ, ‘ಕಿಡಿ ನೀಲಿಯಾಗಿದೆ, ಪ್ಲಗ್ಗು ಒಣಗಿದೆ, ಪಂಪು ಪೆಟ್ರೋಲು ಕೊಡುತ್ತಿದೆ’ ಎಂದು ಹೇಳಿ. ಒಳ್ಳೆಯ ಮೇಸ್ತ್ರಿ ಇದರಿಂದ ಸಂತೋಷ ಪಡುತ್ತಾನೆ, ಅವನ ಅರ್ಧ ಕೆಲಸ ಮುಗಿದಿರುತ್ತದೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದು.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತು ಎಲ್ಲಕ್ಕಿಂತ ಮುಖ್ಯ. ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿಯುತ್ತ ಕೀಲಿ ತಿರುಗಿಸುವ ಅಭ್ಯಾಸ ಬಿಡಿ. ಎಂಜಿನ್ನು ಹಿಮ್ಮುಖವಾಗಿ ಕೆಮ್ಮಿದರೆ ಜ್ವಾಲೆ ನೇರವಾಗಿ ಮುಖಕ್ಕೆ ಬರುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿದ್ದೆಯಂತೆ ಬಂದು ಜೀವ ತೆಗೆಯುತ್ತದೆ. ಇವೆರಡು ಎಚ್ಚರವಿಟ್ಟುಕೊಂಡು, ತಿರುಗುವುದೇ, ಕಿಡಿಯಿದೆಯೇ, ಪೆಟ್ರೋಲಿದೆಯೇ, ಒತ್ತಡವಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಇದೇ ಸರದಿಯಲ್ಲಿ ಕೇಳುವವರಿಗೆ ಹಳೆಯ ಗಾಡಿ ಹೆಚ್ಚು ದಿನ ಹಟ ಹಿಡಿಯಲಾರದು.